ಮೂರನೇ ವರ್ಷ ಸುಗಂಧರಾಜ ಬರೀ ಎಲೆ ಬಿಡುವುದೇಕೆ?

ಒಮ್ಮೆ ಹೂ ಬಿಟ್ಟ ಸುಗಂಧರಾಜದ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಹೊಸೂರು, ಬಾಗಲೂರು, ಕೆಲಮಂಗಲದ ಕಡೆ ಈ ಬೆಳೆ ಇಟ್ಟವರಿಗೆ ಈ ಮಾತು ಸುಲಭಕ್ಕೆ ಒಪ್ಪಿಗೆಯಾಗದು. ಅದೇ ಸಾಲು, ಅದೇ ಬುಡ ಎರಡನೇ ವರ್ಷ ಮೊದಲಿಗಿಂತ ಹೆಚ್ಚು ಹೂ ಕೊಟ್ಟಿದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಮೂರನೇ ವರ್ಷ ಇಳುವರಿ ಇಳಿಯುತ್ತದೆ. ಆಮೇಲೂ ಹಾಗೇ ಬಿಟ್ಟರೆ ಬುಡದ ತುಂಬ ಎಲೆ, ದಂಟು ಮಾತ್ರ ಅಲ್ಲೊಂದು ಇಲ್ಲೊಂದು. ಆಗ ಮಣ್ಣಿನ ಸಾರ ಹೋಯಿತು ಅನ್ನುತ್ತೇವೆ, ಇಲ್ಲವೇ ಗೆಡ್ಡೆ ಹಳೇದಾಯಿತು ಅನ್ನುತ್ತೇವೆ. ಗೆಡ್ಡೆ ಹಳೇದಾಗಿಲ್ಲ. ತೀರಾ ಎಳೆಯದಾಗಿದೆ, ಅದೇ ತೊಂದರೆ.

ಅಂಥ ಒಂದು ಬುಡವನ್ನು ಗುದ್ದಲಿಯಿಂದ ಎತ್ತಿ, ಮಣ್ಣು ತೊಳೆದು ನೋಡಿ. ನಟ್ಟನಡುವೆ ಸುಕ್ಕುಗಟ್ಟಿದ, ನಾರುನಾರಾದ ಒಂದು ಉಂಡೆ ಸಿಗುತ್ತದೆ. ಅದರ ನೆತ್ತಿಯಲ್ಲಿ ಹಳೇ ದಂಟಿನ ಒಣ ಮೋಟು ಇನ್ನೂ ಅಂಟಿಕೊಂಡಿರುತ್ತದೆ. ಅದು ತಾಯಿಗೆಡ್ಡೆ. ಸುತ್ತ ಒತ್ತೊತ್ತಾಗಿ ಮರಿಗಳು. ಒಂದಕ್ಕೊಂದು ಒತ್ತಿಕೊಂಡು ಕೆಲವಕ್ಕೆ ಮೈ ಚಪ್ಪಟೆಯಾಗಿರುತ್ತದೆ, ಕೆಲವು ಹುಣಸೆಬೀಜಕ್ಕಿಂತ ದೊಡ್ಡದಾಗಿರುವುದಿಲ್ಲ. ಇವುಗಳಲ್ಲಿ ದಪ್ಪನೆಯ ಒಂದನ್ನು ಉದ್ದಕ್ಕೆ ಸೀಳಿದರೆ ಪದರಪದರದ ಒಳಗೆ, ತಳದ ಬಿಲ್ಲೆಯ ಮೇಲೆ, ಬೆಳ್ಳನೆಯ ಕುಡಿ ಕಾಣುತ್ತದೆ. ತಾಯಿಯನ್ನು ಸೀಳಿದರೆ ಆ ಜಾಗದಲ್ಲಿ ಏನೂ ಇಲ್ಲ.

ಇಡೀ ಕಥೆ ಇರುವುದು ಆ ಕುಡಿಯಲ್ಲಿ. ಗೆಡ್ಡೆ ಸಣ್ಣದಿರುವಷ್ಟು ಕಾಲ ಕುಡಿ ಒಂದರ ಹಿಂದೊಂದು ಎಲೆ ಹೊಮ್ಮಿಸುತ್ತದೆ. ಗೆಡ್ಡೆಯಲ್ಲಿ ಸಾಕಷ್ಟು ಆಹಾರ ಕೂಡಿದಾಗ ಅದೇ ಕುಡಿ ಹೂದಂಟಾಗಿ ಮಾರ್ಪಡುತ್ತದೆ. ಹಾಗೆ ಮಾರ್ಪಟ್ಟ ಕುಡಿಗೆ ಹಿಂದಕ್ಕೆ ಬರುವ ದಾರಿಯಿಲ್ಲ. ದಂಟು ಮುಗಿದರೆ ಆ ಗೆಡ್ಡೆಯ ಆಯಸ್ಸೂ ಮುಗಿಯಿತು. ಬಾಳೆಯಲ್ಲೂ ಇದೇ ಕ್ರಮ: ಗೊನೆ ಹಾಕಿದ ದಿಂಡು ಸಾಯುತ್ತದೆ, ಬುಡದ ಕಂದು ಮುಂದಿನ ಬೆಳೆ ಕೊಡುತ್ತದೆ. ಮೆಕ್ಸಿಕೋ ಮೂಲದ ಈ ಗಿಡವನ್ನು ಬಹುಕಾಲ ಪಾಲಿಯಾಂಥಿಸ್ ಟ್ಯೂಬರೋಸಾ ಎನ್ನುತ್ತಿದ್ದ ಸಸ್ಯವಿಜ್ಞಾನಿಗಳು ಈಗ ಅದನ್ನು ಅಗೇವ್ ಕುಲಕ್ಕೆ, ಅಂದರೆ ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ. ಬೇಲಿಯ ಕತ್ತಾಳೆಯೂ ಒಂದೇ ಸಲ ಹೂಕಂಬ ಎತ್ತಿ ಒಣಗುವುದನ್ನು ನೋಡಿದವರಿಗೆ ಈ ನಂಟು ಅಚ್ಚರಿ ತರಲಾರದು.

ಈಗ ಎರಡನೇ ವರ್ಷದ ಸುಗ್ಗಿ ಅರ್ಥವಾಗುತ್ತದೆ. ಮೊದಲ ವರ್ಷ ಒಂದು ಗೆಡ್ಡೆಗೆ ಒಂದು ದಂಟು. ಎರಡನೇ ವರ್ಷ ಅದರ ಮಕ್ಕಳಲ್ಲಿ ದಪ್ಪವಾದ ನಾಲ್ಕಾರು ಗೆಡ್ಡೆಗಳಿಂದ ಒಂದೊಂದು ದಂಟು. ಮೂರನೇ ವರ್ಷಕ್ಕೆ ಮೊಮ್ಮಕ್ಕಳ ಕಾಲ. ಬುಡದಿಂದ ಬುಡಕ್ಕೆ 20 ಸೆಂಟಿಮೀಟರ್ ಬಿಟ್ಟು ಒಂದೇ ಗೆಡ್ಡೆ ನೆಟ್ಟ ಜಾಗದಲ್ಲಿ ಈಗ ಹತ್ತಾರು ಬಾಯಿಗಳು. ನೀರು, ಗೊಬ್ಬರ, ಬಿಸಿಲು ಎಲ್ಲವೂ ಹಂಚಿಹೋಗುತ್ತವೆ. ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಮುಟ್ಟದ ಗೆಡ್ಡೆ ಆ ವರ್ಷ ಹೂ ಬಿಡುವುದು ಅಪರೂಪ. ಮೂಟೆಗಟ್ಟಲೆ ಗೊಬ್ಬರ ಸುರಿದರೂ ಈ ಇಕ್ಕಟ್ಟು ಸಡಿಲವಾಗದು. ನಷ್ಟದ ವರ್ಷದಲ್ಲಿ ರೈತ ಗೊಬ್ಬರದಂಗಡಿಗೆ ಇನ್ನಷ್ಟು ದುಡ್ಡು ಸುರಿಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಗ್ಲೆಂಡಿನ ತೋಟಗಳಲ್ಲೂ ಇದೇ ದೂರು ಇದೆ, ಡ್ಯಾಫೋಡಿಲ್ ಬಗ್ಗೆ. ಅಲ್ಲೂ ಇಕ್ಕಟ್ಟೇ ಒಂದು ದೊಡ್ಡ ಕಾರಣ. ಹೂ ಬಾಡಿದೊಡನೆ ಎಲೆಯನ್ನೂ ಕತ್ತರಿಸುವುದು ಇನ್ನೊಂದು. ಮುಂದಿನ ವರ್ಷದ ಮೊಗ್ಗಿಗೆ ಬೇಕಾದ ಆಹಾರ ಕೂಡಿಡುವುದು ಆ ಎಲೆಗಳೇ ಆದ್ದರಿಂದ ಕನಿಷ್ಠ ಆರು ವಾರ ಅವನ್ನು ಮುಟ್ಟಬಾರದು ಎನ್ನುತ್ತಾರೆ. ಜೊತೆಗೆ ಡ್ಯಾಫೋಡಿಲ್‌ಗೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಹೊಸೂರಿನ ಚಳಿ ಅದಕ್ಕೆ ಸಾಲದು. ಸುಗಂಧರಾಜಕ್ಕೆ ಆ ಹಂಗಿಲ್ಲ, ಆದರೆ ಎಲೆಯ ಮಾತು ಇದಕ್ಕೂ ಸಲ್ಲುತ್ತದೆ. ಒಣ ದಂಟು ತೆಗೆಯಿರಿ, ಹಸಿರೆಲೆ ಉಳಿಸಿ.

ಮೂರು ವರ್ಷಕ್ಕೆ ಗೆಡ್ಡೆ ಕೀಳುವ ರೂಢಿ ಬಂದಿದ್ದು ಹೀಗೆ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ ಅಗೆದು, ಮರಿ ಬಿಡಿಸಿ, ನೆರಳಲ್ಲಿ ಹರಡಿ ಒಂದು ತಿಂಗಳ ಮೇಲೆ ಒಣಗಲು ಬಿಡಬೇಕು. ಆಮೇಲೆ ದಪ್ಪದವನ್ನು ಆರಿಸಿ ಜೂನ್–ಜುಲೈನಲ್ಲಿ ನೆಟ್ಟರೆ ಮೂರು–ನಾಲ್ಕು ತಿಂಗಳಲ್ಲಿ ಹೂ. ಸಣ್ಣವನ್ನು ಎಸೆಯಬೇಕಿಲ್ಲ, ಬೇರೆ ಮಡಿಯಲ್ಲಿ ಒಂದು ವರ್ಷ ಸಾಕಿದರೆ ಅವೂ ದಪ್ಪವಾಗುತ್ತವೆ.

ಹೊಸ ನಾಟಿ ಹಳೇ ಮಡಿಯಲ್ಲಿ ಬೇಡ. ಬೇರುಗಂಟು ಮಾಡುವ ಜಂತುಹುಳು ಅಲ್ಲೇ ಬೀಡುಬಿಟ್ಟಿರುತ್ತದೆ. ಬೇರೆಲ್ಲ ಗಂಟುಗಂಟಾದ ಗಿಡಕ್ಕೆ ಗೆಡ್ಡೆ ತುಂಬಿಸುವ ಶಕ್ತಿ ಉಳಿದಿರುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಶೃಂಗಾರ್’ ತಳಿ ಈ ಹುಳುವನ್ನು ತಾಳಿಕೊಳ್ಳುತ್ತದೆ. ಅದನ್ನೇ ಮೆಕ್ಸಿಕನ್ ಸಿಂಗಲ್ ಜೊತೆ ಕೂಡಿಸಿ ಪಡೆದ ‘ಪ್ರಜ್ವಲ್’ ಹೂವು ಇನ್ನೂ ದಪ್ಪ. ಯಾವ ತಳಿಯಾದರೂ ಸರಿ, ಗೆಡ್ಡೆ ಕೊಳ್ಳುವ ಮುನ್ನ ಮಾರುವವರ ಹೊಲದಲ್ಲಿ ಒಂದು ಬುಡ ಕಿತ್ತು ಬೇರು ತೋರಿಸಲು ಕೇಳಿ.