ಕಟ್ಟಿಯ ಮಾತು ಫೋನಿಗೆ ಬಂದ ದಾರಿ

‘ಚಾ ಆತೇನಪಾ?’

‘ಆತು. ಈಗ ಡ್ಯೂಟಿಗೆ ಹೊಂಟೀನಿ. ಡ್ಯಾಮ್ ಎಷ್ಟ ತುಂಬೇತಿ?’

ವಿಜಯಪುರ ಜಿಲ್ಲೆಯ ಗೊಳಸಂಗಿಯಂಥ ಊರಿನ ಗೆಳೆಯರ ವಾಟ್ಸ್‌ಆ್ಯಪ್ ಬಳಗದಲ್ಲಿ ಮಳೆಗಾಲದ ಬೆಳಗಿನ ಮಾತು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ಒಬ್ಬ ಪಕ್ಕದ ಕೂಡಗಿಯ ಎನ್‌ಟಿಪಿಸಿ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿರುತ್ತಾನೆ. ಒಬ್ಬ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಸುತ್ತಿರುತ್ತಾನೆ. ಒಬ್ಬ ಬೆಂಗಳೂರಿನ ಆಫೀಸಿನಲ್ಲಿ, ಇನ್ನೊಬ್ಬ ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿ. ಅವರು ಕೇಳುವ ಡ್ಯಾಮ್ ಆಲಮಟ್ಟಿಯದು; ಆ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ಅದು ಎಷ್ಟು ತುಂಬಿತು ಎಂಬುದರ ಮೇಲೆ ಕಾಲುವೆಗೆ ನೀರು ಬರುವ ಮಾತು ನಿಂತಿದೆ. ಹೀಗಾಗಿ ಗೋವಾದಲ್ಲಿದ್ದವನೂ ಅದನ್ನು ಮನೆಯ ಹಿರಿಯರ ಆರೋಗ್ಯ ವಿಚಾರಿಸಿದಂತೆ ದಿನಾ ವಿಚಾರಿಸುತ್ತಾನೆ. ಆಮೇಲೆ ಉಳ್ಳಾಗಡ್ಡಿ ರೇಟು, ಯಾರದೋ ಮಗಳ ನಿಶ್ಚಿತಾರ್ಥ, ಬಸ್ಸು ತಡವಾದದ್ದು, ಮಧ್ಯಾಹ್ನದ ಬುತ್ತಿಯಲ್ಲಿ ಏನಿತ್ತು ಎಂಬುದು.

ಇದನ್ನು ಕೆಲಸವಿಲ್ಲದವರ ಹರಟೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಕೆಲಸ ಇದ್ದವರ ಹರಟೆ, ಕೆಲಸದ ನಡುವೆಯೇ ಹುಟ್ಟುವ ಮಾತು. ಈ ಜಿಲ್ಲೆಯಲ್ಲಿ ಅಂಥ ಮಾತಿಗೆ ಕಿವಿಗೊಟ್ಟ ದೊಡ್ಡ ಪರಂಪರೆಯೊಂದಿದೆ.

ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಗೆಳೆಯರ ಒಂದು ಗುಂಪು ಕೂಡಿಕೊಂಡಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಳ್ಳಿಯಲ್ಲೇ ಇದ್ದು ಓದಿದವರು, ಬರೆದವರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ನಸುಕಿನಲ್ಲಿ ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಅವರು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಆ ಹಾಡುಗಳ ತುಂಬ ಇರುವುದು ತವರಿನ ನೆನಪು, ಅಣ್ಣನ ದಾರಿ ಕಾಯುವುದು, ಕೂಸಿನ ಅಳು, ಅತ್ತೆಮನೆಯ ದಿನಚರಿ. ಕೈ ಕಲ್ಲು ತಿರುಗಿಸುತ್ತಿರುವಾಗ ಬಾಯಿಗೆ ಬಂದ ದಿನದ ಬದುಕು. ಅಕ್ಷರ ಬಾರದವರ ಈ ನುಡಿ ಸಾಹಿತ್ಯ ಎಂದು ಕನ್ನಡ ನಾಡು ಒಪ್ಪಿಕೊಳ್ಳುವಲ್ಲಿ ಹಲಸಂಗಿ ಗೆಳೆಯರ ಪಾಲು ಬಹಳ ದೊಡ್ಡದು.

ಹಾಡು ಅಚ್ಚಿಗೆ ಬಂತು, ಆದರೆ ದಿನದ ಮಾತು ಊರು ದಾಟುವುದು ಸುಲಭವಿರಲಿಲ್ಲ. ಜೋಳದ ಬೆಳೆ ಕೈಕೊಟ್ಟ ವರ್ಷ ಸೊಲ್ಲಾಪುರ, ಪುಣೆ, ಮುಂಬೈ, ಗೋವಾದ ದಾರಿ ಹಿಡಿಯುವುದು ಈ ಸೀಮೆಗೆ ಹೊಸದಲ್ಲ. ದುಡಿಯಲು ಹೋದವನಿಗೂ ಊರವರು ಕೂತು ಹರಟುವ ಕಟ್ಟಿಗೂ ಮಧ್ಯೆ ಇದ್ದದ್ದು ಅಂಚೆ ಕಾರ್ಡು, 1950ರಿಂದ ಇನ್‌ಲ್ಯಾಂಡ್ ಪತ್ರ. ಓದು ಬರದ ಮನೆಗೆ ಮಾಸ್ತರರೋ ಪೋಸ್ಟಮನ್ನನೋ ಓದಿ ಹೇಳಬೇಕು. ಪತ್ರದಲ್ಲಿ ಕ್ಷೇಮ, ಹಣ, ಸಾವು, ಮದುವೆ ಬಂದವು. ಚಹಾ ಆಯಿತೇ ಎಂಬುದು ಬರಲಿಲ್ಲ. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾದಲ್ಲಿ ಅದನ್ನು ಕೇಳುವವರಾರು?

ಹಳ್ಳಿಗೆ ಫೋನು ಬಂದ ಕಥೆಯಲ್ಲಿ ನಮ್ಮ ನಾಡಿಗೇ ಸೇರಿದ ಒಂದು ಘಟ್ಟವಿದೆ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರ ದೇಶದಲ್ಲೇ ಮೊದಲು ಶುರುವಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರ ಜುಲೈನಲ್ಲಿ. ಹೊರದೇಶದ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದು ನಮ್ಮ ಬಿಸಿಲು, ನಮ್ಮ ದೂಳು ಎರಡನ್ನೂ ತಾಳಿಕೊಳ್ಳುವಂಥದು. ಆಮೇಲೆ ಹೆದ್ದಾರಿಯ ಪಕ್ಕದ ಊರುಗಳಲ್ಲೆಲ್ಲ ಎಸ್‌ಟಿಡಿ ಬೂತುಗಳು ಎದ್ದವು. ರಾತ್ರಿ ಹೊತ್ತಾದಷ್ಟೂ ದರ ಇಳಿಯುತ್ತಿತ್ತು, ಸಾಲು ಬೆಳೆಯುತ್ತಿತ್ತು. ಮೀಟರಿನ ಕೆಂಪು ಅಂಕಿ ಏರುತ್ತಿರುವಾಗ ಮಾತು ಮತ್ತೆ ಕ್ಷೇಮ, ಹಣ, ಸಾವು, ಮದುವೆಗೇ ನಿಲ್ಲುತ್ತಿತ್ತು.

ಮೊಬೈಲಿಗೆ ಒಳಬರುವ ಕರೆ ಉಚಿತವಾದದ್ದು 2003ರ ಮೇ 1ರಿಂದ. ಅಲ್ಲಿಂದ ಮಾತಿನ ಬಿಗಿ ಸ್ವಲ್ಪ ಸಡಿಲಾಯಿತು. ಆದರೆ ಬರೆಯಹೊರಟವನಿಗೆ ಕನ್ನಡವೇ ತುಟ್ಟಿಯಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಾದರೆ ಬರೀ 70. ಅದರಲ್ಲೂ ಕೊಂಬು, ಗುಡಿಸು, ಒತ್ತು ಎಲ್ಲಕ್ಕೂ ಬೇರೆ ಲೆಕ್ಕ. 1991ರಲ್ಲೇ ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿತ್ತು, 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶ ಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಿತು. ಇವೆಲ್ಲ ಕಂಪ್ಯೂಟರ್ ಇದ್ದವರಿಗೆ. ಹಳ್ಳಿಯ ಹುಡುಗನ ಅಗ್ಗದ ಫೋನಿನಲ್ಲಿ ಕನ್ನಡ ಎಷ್ಟೋ ಕಾಲ ಬರೀ ಚೌಕಗಳಾಗಿ ಕಾಣುತ್ತಿತ್ತು. ಅವನು ಊಟವಾಯಿತೇ ಎಂಬುದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ.

ಮೂರು ಸಂಗತಿಗಳು ಹತ್ತಿರ ಹತ್ತಿರ ಬಂದು ಈ ಕಟ್ಟು ಬಿಚ್ಚಿದವು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡತೊಡಗಿತು, ಕೀಲಿಮಣೆಗಳೂ ಸಿಕ್ಕವು. 2013ರ ಆಗಸ್ಟ್‌ನಲ್ಲಿ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ತಂದಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ಇವುಗಳಲ್ಲಿ ಧ್ವನಿ ಸಂದೇಶವೇ ದೊಡ್ಡದು ಎಂದು ನನ್ನ ಎಣಿಕೆ. ಟೈಪು ಮಾಡಲು ಬಾರದ ಕಾಕಾ, ಕುರಿ ಕಾಯುತ್ತಿರುವ ತಮ್ಮ, ರೊಟ್ಟಿ ಬಡಿಯುತ್ತಿರುವ ವೈನಿ, ಎಲ್ಲರೂ ಅದರಿಂದ ಬಳಗದೊಳಗೆ ಬಂದರು. ರೊಟ್ಟಿಯ ಸಪ್ಪಳ ಕೇಳುತ್ತಲೇ ಇರುತ್ತದೆ, ಮಾತೂ ಸಾಗುತ್ತಿರುತ್ತದೆ. ಮಾತಿಗೆ ಬೆಲೆ ಕಟ್ಟುವ ಮೀಟರು ಹೋದ ಮೇಲೆಯೇ ಚಹಾದ ವಿಚಾರ ಊರು ದಾಟಿ ಹೋಗಲು ಸಾಧ್ಯವಾದದ್ದು.

ಇನ್ನೊಂದೂ ಆಯಿತು. ಶಾಲೆಯಲ್ಲಿ ‘ಆಯಿತು’, ‘ಹೋಗೋಣ’, ‘ಹೇಗಿದ್ದೀಯ’ ಎಂದು ಬರೆಯಲು ಕಲಿತ ಕೈ, ಗೆಳೆಯನಿಗೆ ಬರೆಯುವಾಗ ‘ಆತು’, ‘ಹೋಗೂಣು’, ‘ಹ್ಯಾಂಗದಿ’ ಎನ್ನುತ್ತದೆ. ಇಂಡಿ, ಸಿಂದಗಿ ಕಡೆಯವರು ‘ಅದ’ ಎಂದರೆ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು ‘ಐತಿ’ ಎನ್ನುತ್ತಾರೆ. ಆ ವ್ಯತ್ಯಾಸವೂ ಹಾಗೇ ಬರಹಕ್ಕೆ ಇಳಿಯುತ್ತಿದೆ. ಹಲಸಂಗಿಯವರ ಕಾಲದಲ್ಲಿ ಹಾಡಿದವರು ಒಬ್ಬರು, ಬರೆದುಕೊಂಡವರು ಇನ್ನೊಬ್ಬರು. ಈಗ ಮಾತಾಡುವವರೇ ತಮ್ಮ ಮಾತನ್ನು ಬರೆಯುತ್ತಿದ್ದಾರೆ. ಇಷ್ಟು ಜನ ದುಡಿಯುವವರು ದಿನದಿನವೂ ಈ ನುಡಿಯಲ್ಲಿ ಬರೆದ ಕಾಲ ಹಿಂದೆಂದೂ ಇರಲಿಲ್ಲ.

ಈ ಮಾತನ್ನು ಕಾಯುವವರಿಲ್ಲ ಎಂಬುದೇ ನನ್ನ ಚಿಂತೆ. ಗುಂಪಿನಲ್ಲಿ ಸುಳ್ಳು ಸುದ್ದಿ ಬರುತ್ತದೆ, ಜಗಳ ಬರುತ್ತದೆ, ಹಬ್ಬದ ದಿನ ನೂರಾರು ಚಿತ್ರ ಬಂದು ಬೀಳುತ್ತವೆ. ಫೋನು ತುಂಬಿತೆಂದು ಅಳಿಸುವಾಗ ಅವುಗಳ ಜೊತೆಗೆ ಅಜ್ಜಿಯ ಧ್ವನಿಯೂ ಹೋಗುತ್ತದೆ. ಜಾನಪದ ವಿಶ್ವವಿದ್ಯಾಲಯ, ಊರಿನ ಗ್ರಂಥಾಲಯ, ಶಾಲೆಯ ಕನ್ನಡ ಮಾಸ್ತರರು ಮನಸ್ಸು ಮಾಡಿದರೆ ಮಾತಾಡಿದವರ ಒಪ್ಪಿಗೆ ಪಡೆದು ಇದರಲ್ಲಿ ಒಂದಿಷ್ಟನ್ನು ಕೂಡಿಡಬಹುದು. ಅಲ್ಲಿಯತನಕ ಓದುಗರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಸಲ ಫೋನು ಖಾಲಿ ಮಾಡುವ ಮೊದಲು ಮನೆಯ ಹಿರಿಯರ ಧ್ವನಿ ಸಂದೇಶಗಳನ್ನು ಬೇರೆ ತೆಗೆದಿಡಿ. ಯಾರು, ಯಾವ ಊರು, ಯಾವ ದಿನ ಎಂದು ಫೈಲಿನ ಹೆಸರಿನ ಜಾಗದಲ್ಲಿ ಬರೆದಿಡಿ. ಮಕ್ಕಳು ‘ಆತು’ ಎಂದು ಬರೆದರೆ ತಿದ್ದಬೇಡಿ.