ಬೈಲಕುಪ್ಪೆಯ ಅಜ್ಜಿಯರು ಹೇಳದೆ ಉಳಿದ ಕಥೆ

ಸಹೋದರಿಯರೇ, ಮಕ್ಕಳಿಗೆ ರಜೆ ಬಂತೆಂದರೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಕುಟುಂಬಗಳು ಅರಕಲಗೂಡು, ಕೊಣನೂರು ದಾಟಿ ಕುಶಾಲನಗರದ ದಾರಿ ಹಿಡಿಯುತ್ತವೆ. ಅಲ್ಲಿಂದ ತುಸು ದೂರದಲ್ಲೇ ಮೈಸೂರು ಜಿಲ್ಲೆಯ ಬೈಲಕುಪ್ಪೆ. ಗೋಲ್ಡನ್ ಟೆಂಪಲ್ ನೋಡಿ, ಫೋಟೋ ತೆಗೆಸಿಕೊಂಡು, ಮಕ್ಕಳಿಗೊಂದು ಸ್ವೆಟರ್ ಕೊಂಡು ಸಂಜೆಗೆ ಮನೆ ಸೇರುತ್ತೇವೆ. ರಸ್ತೆ ಬದಿಯಲ್ಲಿ ಉದ್ದನೆಯ ಅಂಗಿ ತೊಟ್ಟು, ಸೊಂಟಕ್ಕೆ ಬಣ್ಣದ ಪಟ್ಟೆಗಳ ಬಟ್ಟೆ ಕಟ್ಟಿ, ಜಪಮಾಲೆ ಎಣಿಸುತ್ತಾ ನಡೆಯುವ ಅಜ್ಜಿಯರನ್ನು ನೀವೂ ನೋಡಿರಬಹುದು. ಈ ವಯಸ್ಸಾದ ತಾಯಂದಿರು ಎಲ್ಲಿಂದ ಬಂದರು, ಯಾಕೆ ಬಂದರು ಎಂದು ಎಂದಾದರೂ ಯೋಚಿಸಿದ್ದೀರಾ?

1950ರಲ್ಲಿ ಚೀನಾದ ಸೇನೆ ಟಿಬೆಟ್‌ಗೆ ನುಗ್ಗಿತು. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಜನ ದಂಗೆಯೆದ್ದಾಗ ಗುಂಡಿನ ಮಳೆಯಾಯಿತು. ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮಾಲಯ ದಾಟಿದರು. ಎಷ್ಟೋ ಮಂದಿ ಹಗಲು ಅಡಗಿ, ರಾತ್ರಿ ಹಿಮದಲ್ಲಿ ನಡೆದರು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಅವರಲ್ಲಿದ್ದರು. ನಡೆಯಲಾರದ ಮುದುಕರನ್ನು ಊರಲ್ಲೇ ಬಿಟ್ಟು ಬಂದವರೂ ಇದ್ದರು. ಅಂದು ಹತ್ತು ವರ್ಷದ ಹುಡುಗಿಯಾಗಿದ್ದವಳು ಇಂದು ಎಪ್ಪತ್ತೈದು ದಾಟಿದ ಅಜ್ಜಿ. ತನ್ನ ತಾಯಿಯ ತಾಯಿಯನ್ನು ಆಕೆ ಮತ್ತೆ ನೋಡಲೇ ಇಲ್ಲ.

ಹಾಗೆ ಬಂದವರಲ್ಲಿ ಮುಸ್ಲಿಮರೂ ಇದ್ದರು. ಟಿಬೆಟಿಯನ್ನರು ಮುಸ್ಲಿಮರನ್ನು 'ಖಾಚೆ' ಎನ್ನುತ್ತಾರೆ. ಶತಮಾನಗಳ ಹಿಂದೆ ಕಾಶ್ಮೀರದಿಂದ ಲ್ಹಾಸಾಗೆ ಹೋಗಿ ನೆಲೆಸಿದ್ದ ವ್ಯಾಪಾರಿಗಳ ವಂಶಸ್ಥರಿವರು. ದಂಗೆಯ ನಂತರ ಅವರೂ ಮನೆಮಠ ಬಿಟ್ಟು ಭಾರತ ಸೇರಿದರು. ಅವರಲ್ಲಿ ಬಹಳಷ್ಟು ಮಂದಿ ಶ್ರೀನಗರದ ಈದ್ಗಾ ಬಳಿ ನೆಲೆಸಿದರು. ಯುದ್ಧ ಯಾರ ಬಾಗಿಲನ್ನೂ ಧರ್ಮ ಕೇಳಿ ತಟ್ಟುವುದಿಲ್ಲ.

ನಿರಾಶ್ರಿತರಿಗೆ ಮೊದಲು ಸಿಕ್ಕ ಕೆಲಸ ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆಯುವುದು. ಕ್ಷಯ ಮತ್ತಿತರ ಕಾಯಿಲೆಗಳಿಗೆ ಮಕ್ಕಳು ಬಲಿಯಾದರು. ಆಗ ಮೈಸೂರು ಸರಕಾರ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಭೂಮಿ ಕೊಡಲು ಒಪ್ಪಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಅಲ್ಲಿದ್ದದ್ದು ಕಾಡು, ಸೆಖೆ, ಆನೆಗಳ ಕಾಟ. ಚಳಿನಾಡಿನ ಆ ಹೆಂಗಸರು ಗಂಡಸರ ಜೊತೆ ಮರ ಕಡಿದು, ನೆಲ ಹಸನುಗೊಳಿಸಿ ಮೆಕ್ಕೆಜೋಳ ಬಿತ್ತಿದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದರು.

ಅವರಿಂದ ನಮ್ಮ ನಾಡಿಗೂ ಒಂದು ಲಾಭವಾಯಿತು. ಟಿಬೆಟಿಯನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಮುಂದೆ ಇದೇ ಸಂಸ್ಥೆ ನಮ್ಮ ಬಡ ಹಳ್ಳಿಗಳ ಕಡೆ ತಿರುಗಿ, 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳಿಗೆ ದಾರಿ ಹಾಕಿಕೊಟ್ಟ ಮೊದಲಿಗರಲ್ಲಿ ಒಂದಾಯಿತು. ಇಂದು ನಿಮ್ಮ ಬೀದಿಯ ಹೆಂಗಸರು ವಾರ ವಾರ ಹಣ ಕೂಡಿಸುವ ಸಂಘದ ಹಿಂದೆ ಆ ನಿರಾಶ್ರಿತರ ಕಥೆಯೂ ಇದೆ.

ಆದರೆ ಯುದ್ಧ ಅವರನ್ನು ಬಿಡಲಿಲ್ಲ. 1962ರ ಚೀನಾ ಯುದ್ಧದ ವೇಳೆ ಭಾರತ ಟಿಬೆಟಿಯನ್ ಯುವಕರ ಗುಪ್ತ ಪಡೆಯೊಂದನ್ನು ಕಟ್ಟಿತು. 1971ರಲ್ಲಿ ಆ ಪಡೆ ಬಾಂಗ್ಲಾದ ಚಿತ್ತಗಾಂಗ್ ಗುಡ್ಡಗಳಲ್ಲಿ ಹೋರಾಡಿತು. ಸುಮಾರು 50 ಮಂದಿ ಮಡಿದರು. ಪಡೆ ಗುಟ್ಟಿನದಾದ್ದರಿಂದ ಆ ವಿಧವೆಯರ ದುಃಖವೂ ಗುಟ್ಟಾಗಿಯೇ ಉಳಿಯಿತು. 2020ರ ಆಗಸ್ಟ್‌ನಲ್ಲಿ ಇದೇ ಪಡೆಯ ನ್ಯಿಮಾ ತೆನ್ಜಿನ್ ಲಡಾಖ್‌ನಲ್ಲಿ ನೆಲಬಾಂಬ್ ಸಿಡಿದು ಸತ್ತರು. ಅದು 1962ರ ಯುದ್ಧದಲ್ಲಿ ಹೂತದ್ದೆಂದು ವರದಿಯಾಯಿತು. ಮುಗಿಯಿತೆಂದು ನಾವು ಭಾವಿಸಿದ ಯುದ್ಧವೊಂದು 58 ವರ್ಷಗಳ ನಂತರ ಒಂದು ಮನೆಯ ಯಜಮಾನನನ್ನು ಕೊಂಡೊಯ್ದಿತು.

ಈಗ ಆ ಮೊದಲ ಪೀಳಿಗೆ ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದೆ. ಒಂದೇ ಮನೆಯ ಕಾಗದಗಳೂ ಬೇರೆ ಬೇರೆ. ಟಿಬೆಟ್‌ನಲ್ಲಿ ಹುಟ್ಟಿದ ಅಜ್ಜಿಯ ಕೈಯಲ್ಲಿ ವಿದೇಶೀಯಳೆಂಬ ನೋಂದಣಿ ಪತ್ರ. 1987ರ ಜುಲೈಗೆ ಮುಂಚೆ ಇಲ್ಲೇ ಹುಟ್ಟಿದ ಮಗ ಕಾನೂನಿನ ಪ್ರಕಾರ ಭಾರತೀಯ. ಮೊಮ್ಮಗಳು ಕೆನಡಾದಲ್ಲೋ ಅಮೆರಿಕದಲ್ಲೋ ದುಡಿಯುತ್ತಿರುತ್ತಾಳೆ. ಅಜ್ಜಿಯ ಭಾಷೆ ಅವಳ ಮಕ್ಕಳ ನಾಲಗೆಗೆ ಸರಿಯಾಗಿ ಹೊರಳುವುದಿಲ್ಲ. ಟಿಬೆಟ್‌ನಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ, ಸೌದೆಯೂ ಅಪರೂಪ. ಹಾಗಾಗಿ ಶವವನ್ನು ಹದ್ದುಗಳಿಗೆ ಒಪ್ಪಿಸುವ ಪದ್ಧತಿ ಅಲ್ಲಿತ್ತು. ಇಲ್ಲಿ ಬೆಂಕಿಗೆ ಒಪ್ಪಿಸುತ್ತಾರೆ. ಊರು ಬಿಟ್ಟವರಿಗೆ ಸಾವಿನ ರೀತಿಯೂ ಬದಲಾಯಿತು. ಉಳಿದದ್ದು ಸತ್ತವರಿಗಾಗಿ 49 ದಿನಗಳ ಪ್ರಾರ್ಥನೆ.

ಸಾವಿನ ಹಾಸಿಗೆಯಲ್ಲಿರುವವರ ಬಳಿ ಕುಳಿತು ಪವಿತ್ರ ಮಾತುಗಳನ್ನು ಕೇಳಿಸುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಹೋಗುವವರ ಮಾತನ್ನು ನಾವು ಕೇಳಿಸಿಕೊಂಡಿದ್ದೇವೆಯೇ? ಔಷಧಿ, ಗಂಜಿ, ಆಸ್ಪತ್ರೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ನೋಡುತ್ತೇವೆ. ಪಕ್ಕದಲ್ಲಿ ಹತ್ತು ನಿಮಿಷ ಕೂರಲು ಮಾತ್ರ ಸಮಯವಿರುವುದಿಲ್ಲ.

ನಮ್ಮ ಮನೆಗಳಲ್ಲೂ ಇಂತಹ ನೆನಪುಗಳಿವೆ. ವಿಭಜನೆಯ ವರ್ಷ ಅಣ್ಣತಮ್ಮಂದಿರು ಎರಡು ದೇಶಗಳಿಗೆ ಹಂಚಿಹೋದ ಕುಟುಂಬಗಳಿವೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಗಳಿಸಿದ್ದೆಲ್ಲ ಬಿಟ್ಟು, ಅಮ್ಮಾನ್‌ನಿಂದ ವಿಮಾನ ಹತ್ತಿ ಬಂದವರಿದ್ದಾರೆ. ಅವರು ತಾವಾಗಿ ಹೇಳುವುದಿಲ್ಲ. ಹೇಳಿದರೆ ಮಕ್ಕಳಿಗೆ ನೋವಾದೀತೆಂಬ ಅಳುಕು, ಕೇಳುವವರಿಲ್ಲವೆಂಬ ಬೇಸರ.

ಆದ್ದರಿಂದ ಇಂದು ಸಂಜೆ ಟಿ.ವಿ. ಆರಿಸಿ ನಿಮ್ಮ ಅಜ್ಜಿಯ, ಅತ್ತೆಯ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಹುಟ್ಟಿದ ಮನೆ ಹೇಗಿತ್ತು, ಬಾಲ್ಯದಲ್ಲಿ ಏನು ಉಣ್ಣುತ್ತಿದ್ದರು, ಯಾರನ್ನು ಕಳಕೊಂಡರು ಎಂದು ಮೆಲ್ಲನೆ ಕೇಳಿ. ಅತ್ತರೆ ತಡೆಯಬೇಡಿ. ಹೆಸರುಗಳನ್ನು ಬರೆದಿಡಿ, ಧ್ವನಿಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಮಕ್ಕಳೂ ಹತ್ತಿರ ಕುಳಿತಿರಲಿ. ಮುಂದಿನ ಬಾರಿ ಬೈಲಕುಪ್ಪೆಗೆ ಹೋದಾಗ ಆ ಅಜ್ಜಿಯರಿಗೂ ಒಂದು ನಗು, ಒಂದು ನಮಸ್ಕಾರ ಹೇಳಿ ಬನ್ನಿ. ಅವರೂ ಯಾರದೋ ಮನೆಯ ಅಜ್ಜಿಯರು.