ನಿಮಗಿದು ಗೊತ್ತೇ? ಎಲ್ಲವೂ ಫಿಫ್ಟಿ–ಫಿಫ್ಟಿ ಅಲ್ಲ!

● ಚೌಕಾಬಾರದಲ್ಲಿ ನಾಲ್ಕು ಹುಣಸೆಬೀಜ ಹಾಕಿದರೆ ಅವು ಬೀಳಬಹುದಾದ ಬಗೆ ಒಟ್ಟು 16. ಎಲ್ಲ ಬಗೆಗಳೂ ಸಮ ಎಂದಿಟ್ಟುಕೊಂಡರೆ ‘ಎರಡು’ ಬೀಳಲು 6 ದಾರಿ, ‘ಒಂದು’ ಮತ್ತು ‘ಮೂರ’ಕ್ಕೆ ತಲಾ 4, ‘ನಾಲ್ಕು’ ಮತ್ತು ‘ಎಂಟ’ಕ್ಕೆ ತಲಾ ಒಂದೇ. ಬೇಕೆಂದಾಗ ‘ಎಂಟು’ ಸತಾಯಿಸುವುದು ಇದಕ್ಕೇ!

● ಆ 6 ಎಲ್ಲಿಂದ ಬಂತು? 4×3ನ್ನು 1×2ರಿಂದ ಭಾಗಿಸಿ. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರ 9ನೇ ಶತಮಾನದಲ್ಲೇ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿದೆ. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ.

● ‘ಅನುಕೂಲಕರ ಬಗೆಗಳನ್ನು ಒಟ್ಟು ಬಗೆಗಳಿಂದ ಭಾಗಿಸಿದರೆ ಸಂಭವನೀಯತೆ’ ಎಂಬ ತತ್ತ್ವಕ್ಕೆ 1814ರ ಪ್ರಬಂಧದಲ್ಲಿ ಪ್ರಸಿದ್ಧ ರೂಪ ಕೊಟ್ಟವನು ಫ್ರಾನ್ಸಿನ ಲಾಪ್ಲಾಸ್. ಷರತ್ತು ಒಂದೇ: ಎಲ್ಲ ಬಗೆಗಳೂ ಸಮಾನವಾಗಿ ಸಾಧ್ಯವಿರಬೇಕು. ತತ್ತ್ವಜ್ಞಾನಿಗಳ ತಕರಾರು ಇಲ್ಲೇ. ‘ಸಮಾನವಾಗಿ ಸಾಧ್ಯ’ ಎಂದರೆ ‘ಸಮಾನ ಸಂಭವನೀಯ’ ಎಂದೇ ಅಲ್ಲವೇ? ಹಾಗಿದ್ದರೆ ವ್ಯಾಖ್ಯೆ ತನ್ನ ಸುತ್ತಲೇ ಸುತ್ತಿತು!

● ಭದ್ರಾವತಿಯ ಜಿ.ಆರ್. ವಿಶ್ವನಾಥ್ 1980ರಲ್ಲಿ ಭಾರತ ತಂಡದ ನಾಯಕರಾಗಿದ್ದು ಎರಡು ಟೆಸ್ಟ್‌ಗಳಿಗೆ. ಎರಡರಲ್ಲಿ ಒಂದು ಟಾಸ್ ಆದರೂ ಗೆಲ್ಲುವ ಸಾಧ್ಯತೆ ಎಷ್ಟು? ಬರೀ 3 ಬಗೆ (ಮೊದಲನೆಯದೇ ಗೆಲುವು, ಸೋತು ಗೆಲುವು, ಎರಡೂ ಸೋಲು) ಎಂದೆಣಿಸಿದರೆ 2/3. 1754ರಲ್ಲಿ ಗಣಿತಜ್ಞ ಡಾಲಂಬೇರ್ ಎಡವಿದ್ದು ಹೀಗೆಯೇ. ಸರಿಯಾಗಿ ಎಣಿಸಿದರೆ 4 ಬಗೆ, ಉತ್ತರ 3/4.

● ಶಿವಮೊಗ್ಗದ ಆಲ್ಕೊಳ ಸರ್ಕಲ್‌ಗೆ ಮುಂದೆ ಬರುವ ಗಾಡಿ ಕೆಂಪೋ ಅಲ್ಲವೋ? ಗೊತ್ತಿಲ್ಲ, ಹಾಗಾಗಿ ಅರ್ಧ ಎನ್ನಿ. ಬಿಳಿಯೋ ಅಲ್ಲವೋ? ಅದೂ ಅರ್ಧ. ಕಪ್ಪೋ ಅಲ್ಲವೋ? ಮತ್ತೆ ಅರ್ಧ. ಕೂಡಿಸಿದರೆ ಒಂದೂವರೆ! ಸಂಭವನೀಯತೆ ಒಂದನ್ನು ಮೀರುವಂತಿಲ್ಲ. ಅರ್ಥಶಾಸ್ತ್ರಜ್ಞ ಕೇನ್ಸ್ 1921ರಲ್ಲಿ ಇಂಥದ್ದೇ ಉದಾಹರಣೆಯಿಂದ ಈ ವಾದದ ಹುಳುಕು ತೋರಿಸಿದರು.

● ವೃತ್ತದೊಳಗೆ ಮನಬಂದಂತೆ ಒಂದು ಜ್ಯಾ ಎಳೆಯಿರಿ. ಮೂರೂ ಮೂಲೆ ವೃತ್ತಕ್ಕೆ ತಾಗುವಂತೆ ಒಳಗೆ ಬರೆದ ಸಮಬಾಹು ತ್ರಿಕೋನದ ಭುಜಕ್ಕಿಂತ ಅದು ಉದ್ದವಾಗಿರುವ ಸಾಧ್ಯತೆಗೆ 1/2, 1/3, 1/4 ಎಂಬ ಮೂರು ಉತ್ತರ ಬರುತ್ತವೆ. ಯಾವುದನ್ನು ‘ಸಮಾನ’ ಎಂದಿರಿ ಎಂಬುದರ ಮೇಲೆ ಉತ್ತರ ನಿಂತಿದೆ. ಇದು ಬರ್ಟ್ರಾಂಡ್ 1889ರಲ್ಲಿ ಒಡ್ಡಿದ ಒಗಟು.

● ಎರಡು ನಾಣ್ಯ ಚಿಮ್ಮಿದರೆ ಒಂದು ತಲೆ, ಒಂದು ಬಾಲ ಬೀಳುವ ಸಾಧ್ಯತೆ ಅರ್ಧ. ಆದರೆ ಎರಡು ಬೆಳಕಿನ ಕಣಗಳನ್ನು ಎರಡು ಸ್ಥಿತಿಗಳಿಗೆ ಹಂಚುವಾಗ ಸ್ಥಿತಿಗೊಂದರಂತೆ ಬರುವ ಸಾಧ್ಯತೆ ಮೂರರಲ್ಲೊಂದು! ಈ ಹೊಸ ಎಣಿಕೆಗೆ ದಾರಿ ತೆರೆದದ್ದು ಸತ್ಯೇಂದ್ರನಾಥ ಬೋಸರ 1924ರ ಲೇಖನ.

● ನಾಣ್ಯವೂ ಪೂರ್ತಿ ನಿಷ್ಪಕ್ಷಪಾತಿಯಲ್ಲ. ಸಂಶೋಧಕರು 3,50,757 ಬಾರಿ ಚಿಮ್ಮಿ ನೋಡಿದಾಗ, ಚಿಮ್ಮುವ ಮುನ್ನ ಮೇಲಿದ್ದ ಮುಖವೇ ಶೇ. 50.8ರಷ್ಟು ಸಲ ಮೇಲೆ ಬಿತ್ತು.

● ಚೌಕಾಬಾರದ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡೂ ಸಮವಾಗಿ ಬೀಳಬೇಕೆಂಬ ನಿಯಮವೇನಿಲ್ಲ. ಅನುಮಾನವಿದ್ದರೆ ಮನೆಯ ಕವಡೆಯನ್ನು 100 ಸಲ ಹಾಕಿ ಬರೆದಿಟ್ಟುಕೊಳ್ಳಿ. ಆಮೇಲೆ ಪಂದ್ಯಕ್ಕೆ ಕೂರಿ!